ಗೋಡೆಯ ಹೊರಗಿನ ನೀರು: ಬಾಯಾರು ಪರಿಸರದ ಮನೆ ಪಂಚಾಂಗದ ಒಂದು ಚರಿತ್ರೆ

ಪತ್ತನಾಜೆ ಎಂದರೆ ನಮ್ಮ ಸೀಮೆಯಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ, ಆಟ, ಕೋಲ, ನೇಮಗಳೆಲ್ಲ ವಿರಮಿಸುತ್ತವೆ. ಇದು ಎಲ್ಲರಿಗೂ ತಿಳಿದ ಸಂಗತಿ. ಅದೇ ವಾರದಲ್ಲಿ ಹಿರಿಯರ ಮನೆಗಳಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದ ಇನ್ನೊಂದು ಕೆಲಸ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ಮನೆಯ ಹಿಂಬದಿಯಲ್ಲಿ, ಬರೆಗೂ ಗೋಡೆಗೂ ನಡುವೆ ಇರುವ ಕಣಿಯ ಹೂಳನ್ನು ತೆಗೆದು, ತರಗೆಲೆ ಗುಡಿಸಿ, ನೀರು ತೋಡಿನತ್ತ ಸರಾಗವಾಗಿ ಹರಿಯುವಂತೆ ಮಾಡುವುದೇ ಆ ಕೆಲಸ. ಹಾರೆ ಹಿಡಿದವರು ಗಂಡಸರಾದರೂ ಬುಟ್ಟಿ ಹೊತ್ತವರು ಹೆಚ್ಚಾಗಿ ಹೆಂಗಸರು. ಅರ್ಧ ದಿನದ ಕೆಲಸ. ಆ ಅರ್ಧ ದಿನದ ಮೇಲೆ ಮನೆಯ ಮುಂದಿನ ನಾಲ್ಕು ತಿಂಗಳು ನಿಂತಿದ್ದವು.

ಕೋಟೆ ಕೊತ್ತಲಗಳ, ದೇವಾಲಯಗಳ, ಅರಸುಮನೆತನಗಳ ಚರಿತ್ರೆಯನ್ನು ವಿದ್ವಾಂಸರು ಬರೆದಿದ್ದಾರೆ. ಮನೆಯ ಹಿಂದಿನ ಕಣಿಗೆ ಚರಿತ್ರೆ ಇದೆಯೇ ಎಂದು ಕೇಳಿದರೆ ನಗುವವರೇ ಹೆಚ್ಚು. ಆದರೂ ಸಾಹಿತ್ಯ ಸಮ್ಮೇಳನದ ಈ ಸ್ಮರಣ ಸಂಚಿಕೆಯಲ್ಲಿ ಆ ವಿಷಯವನ್ನೇ ಎತ್ತಿಕೊಳ್ಳುವ ಧೈರ್ಯ ಮಾಡಿದ್ದೇನೆ. ಮನೆಯ ಪಂಚಾಂಗಕ್ಕೆ ಹೊರಗಿನಿಂದ ನೀರು ಸೇರದಂತೆ ಕಾಯುವ ಕ್ರಮ ನಮ್ಮಲ್ಲಿ ಹೇಗೆ ಬೆಳೆಯಿತು, ಹೇಗೆ ಮರೆತುಹೋಯಿತು, ಈಗ ಅದನ್ನು ಮತ್ತೆ ಹೇಗೆ ಕೂಡಿಸಿಕೊಳ್ಳಬಹುದು ಎಂಬುದೇ ಇಲ್ಲಿನ ವಿಚಾರ. ಪಂಚಾಂಗ ಎಂದರೆ ಇಲ್ಲಿ ತಿಥಿ ವಾರ ನೋಡುವ ಹೊತ್ತಗೆಯಲ್ಲ, ನಮ್ಮ ಕರಾವಳಿಯ ಮಾತಿನ ಅಡಿಪಾಯ ಎಂಬುದನ್ನು ದೂರದೂರಿನಲ್ಲಿ ಬೆಳೆದ ಎಳೆಯರಿಗಾಗಿ ಹೇಳಿಬಿಡುತ್ತೇನೆ.

ಊರು ಮತ್ತು ಮಳೆ

ಉಪ್ಪಳದಿಂದ ಕನ್ಯಾನದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರು ಬಾಯಾರು. ಇಂದು ಅದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿಗೆ, ಪೈವಳಿಕೆ ಪಂಚಾಯತಿಗೆ ಸೇರಿದೆ. 1956ರ ನವೆಂಬರ್ 1ರವರೆಗೆ ಇಡೀ ಕಾಸರಗೋಡು ಸೀಮೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಗಡಿರೇಖೆ ಬದಲಾಯಿತು, ಗುಡ್ಡೆ, ಬೈಲು, ಮಳೆ ಬದಲಾಗಲಿಲ್ಲ. ಮೇಲೆ ಮುರಕಲ್ಲಿನ ಬೋಳುಗುಡ್ಡೆ, ಅದರ ಇಳಿಜಾರಿನಲ್ಲಿ ಮನೆ, ಮನೆಯ ಕೆಳಗೆ ಅಡಿಕೆ ತೋಟ, ತೋಟದ ತಗ್ಗಿನಲ್ಲಿ ತೋಡು. ಪಂಚಲಿಂಗೇಶ್ವರನ ಸನ್ನಿಧಿಯ ಆಸುಪಾಸಿನಿಂದ ಮುಳಿಗದ್ದೆಯವರೆಗೆ, ಅಲ್ಲಿಂದ ಗಡಿಯಾಚೆಯ ಬಂಟ್ವಾಳ ತಾಲೂಕಿನ ಹಳ್ಳಿಗಳವರೆಗೆ ಮನೆಗಳ ಜಾಗ ಹೆಚ್ಚುಕಡಿಮೆ ಇದೇ ರೀತಿ.

ಹೀಗೆ ಇಳಿಜಾರಿನಲ್ಲಿ ಮನೆ ಕಟ್ಟಬೇಕಾದರೆ ಗುಡ್ಡೆಯನ್ನು ಒಂದಿಷ್ಟು ಕಡಿದು ಅಂಗಳ ತಟ್ಟು ಮಾಡಲೇಬೇಕು. ಕಡಿದ ಭಾಗ ಹಿಂದೆ ಬರೆಯಾಗಿ ನಿಲ್ಲುತ್ತದೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಲೆಕ್ಕ ಹಾಕಿ ನೋಡಿದರೆ 100 ಚದರ ಮೀಟರ್ ಮಾಡಿನ ಮೇಲೆ ಒಂದು ವರ್ಷದಲ್ಲಿ ಮೂರೂವರೆ ಲಕ್ಷ ಲೀಟರ್ ನೀರು ಬೀಳುತ್ತದೆ. 12,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 29 ಟ್ಯಾಂಕರು. ಇದು ಮಾಡಿನ ನೀರಿನ ಲೆಕ್ಕ ಮಾತ್ರ. ಹಿಂದಿನ ಗುಡ್ಡೆಯಿಂದ ಇಳಿದು ಬರುವ ನೀರು ಬೇರೆ, ಗುಡ್ಡೆಯ ಒಳಗಿನಿಂದ ಒಸರುವ ನೀರು ಬೇರೆ. ಇಷ್ಟೂ ನೀರು ಮನೆಯ ಬುಡವನ್ನು ಮುಟ್ಟದಂತೆ ಸುತ್ತಿ ಹೋಗಬೇಕು.

ಮುರಕಲ್ಲಿನ ಗುಣ

ನಮ್ಮ ಮನೆಗಳ ಪಂಚಾಂಗ ಮುರಕಲ್ಲಿನದು. ಜಂಬಿಟ್ಟಿಗೆ ಎಂದೂ ಕೆಂಪುಕಲ್ಲೆಂದೂ ಕರೆಯುವ ಈ ಕಲ್ಲಿಗೆ ಲೋಕದ ಶಾಸ್ತ್ರಗ್ರಂಥಗಳಲ್ಲಿ ಹೆಸರು ಬಂದುದು ನಮ್ಮ ಕರಾವಳಿಯಿಂದಲೇ. ಶ್ರೀರಂಗಪಟ್ಟಣದ ಪತನದ ಬಳಿಕ 1800–01ರಲ್ಲಿ ಕಂಪೆನಿ ಸರಕಾರದ ಆಣತಿಯಂತೆ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರಂನಲ್ಲಿ ಈ ಕಲ್ಲನ್ನು ಕಡಿಯುವ ಕ್ರಮವನ್ನು ಕಂಡ. ನೆಲದಲ್ಲಿರುವಾಗ ಕತ್ತಿ ಕೊಡಲಿಗಳಿಗೆ ಸಿಗುವಷ್ಟು ಮೆದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು ಅವನಿಗೆ ಸೋಜಿಗವಾಗಿ ತೋರಿತು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅವನು, ಈ ನಾಡಿನ ಭಾಷೆಗಳಲ್ಲಿ ಇದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆಂದು ದಾಖಲಿಸಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ನಮ್ಮವರ ‘ಜಂಬಿಟ್ಟಿಗೆ’ಯ ಇಟ್ಟಿಗೆಯೇ ಹೀಗೆ ಲ್ಯಾಟಿನ್ ವೇಷ ತೊಟ್ಟು ಜಗತ್ತನ್ನು ಸುತ್ತಿತು.

ಬೇಕಲದ ಕೋಟೆಯಿಂದ ಹಿಡಿದು ಬಡವನ ದನದ ಕೊಟ್ಟಿಗೆಯವರೆಗೆ ಈ ಕಲ್ಲು ನಿಂತಿದೆ. ಅದಕ್ಕೊಂದು ದೌರ್ಬಲ್ಯವೂ ಇದೆ. ಅದರ ಮೈತುಂಬ ಸಣ್ಣ ದೊಡ್ಡ ರಂಧ್ರಗಳು. ನೀರು ಸೋಕಿದರೆ ಹೀರಿಕೊಳ್ಳುತ್ತದೆ, ಬಿಸಿಲು ಗಾಳಿ ಸಿಕ್ಕಿದರೆ ಬಿಟ್ಟುಕೊಡುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಮುರಕಲ್ಲು ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಕುಡಿದ ನೀರನ್ನು ಆರಿಸಿಕೊಳ್ಳಲು ಬೇಸಗೆ ಇದೆ ಎಂಬ ಭರವಸೆ ಇರುವವರೆಗೆ ಇದು ದೋಷವಲ್ಲ. ಕುಡಿದದ್ದು ಆರದಂತೆ ನಾವು ಗೋಡೆಯ ಮೈಯನ್ನು ಮುಚ್ಚಿದಾಗ ತೊಂದರೆ ಆರಂಭವಾಗುತ್ತದೆ.

ಸುರಂಗ ಕಲಿಸಿದ ಪಾಠ

ಗುಡ್ಡೆಯ ಒಳಗಿನ ನೀರಿನ ನಡೆಯನ್ನು ಬಾಯಾರಿನವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಬಾಯಾರು, ಪಡ್ರೆ, ಶೇಣಿ, ಮಾಣಿಲ ಮೊದಲಾದ ಕಡೆ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ವಿದ್ಯೆ ತಲೆಮಾರುಗಳಿಂದ ಬಂದದ್ದು. ಒಬ್ಬಾಳು ತಲೆ ಬಗ್ಗಿಸಿ ನಡೆಯುವಷ್ಟು ಎತ್ತರ, ಎರಡಡಿಯಷ್ಟು ಅಗಲ, ಕೆಲವು ಕೋಲಿನಿಂದ ನೂರಾರು ಅಡಿಯವರೆಗೆ ಉದ್ದ. ಒಳಗೆ ಮೇಣದ ಬತ್ತಿಯ ಬೆಳಕಿನಲ್ಲಿ ಒಬ್ಬ ಅಗೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಸಾಗಿಸುತ್ತಾನೆ. ಬತ್ತಿ ನಂದಿದರೆ ಗಾಳಿ ಸಾಲದೆಂದು ತಿಳಿದು ಹಿಂದಿರುಗುತ್ತಾನೆ. ನೆಲ ಹೊರಮುಖವಾಗಿ ತುಸು ಇಳಿಜಾರಿರುವುದರಿಂದ ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ ನೀರು ತಾನಾಗಿ ಹರಿದು ಬಂದು ಅಡಿಕೆ ಮರದ ದಂಬೆಯ ಮೂಲಕ ಮದಕಕ್ಕೋ ಅಂಗಳದ ತೊಟ್ಟಿಗೋ ಬೀಳುತ್ತದೆ. ಇರಾನಿನ ಕನಾತ್‌ಗಳೊಂದಿಗೆ ಇದನ್ನು ಹೋಲಿಸಿ ದೇಶವಿದೇಶಗಳ ಸಂಶೋಧಕರು ಬರೆದಿದ್ದಾರೆ. ನಮ್ಮವರೇ ಆದ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಮಳೆನೀರಿನ ಜೊತೆಗೆ ಸುರಂಗವನ್ನೂ ಕನ್ನಡ ಓದುಗರ ಗಮನಕ್ಕೆ ತಂದವರು.

ಸುರಂಗದಲ್ಲಿ ನೀರು ಸಿಗುವುದಕ್ಕೆ ಕಾರಣ ಸರಳ. ಮೇಲಿನ ಮುರಕಲ್ಲಿನ ಪದರದಲ್ಲಿ ಮಳೆಯ ನೀರು ರಂಧ್ರಗಳ ಮೂಲಕ ಇಳಿಯುತ್ತದೆ. ಅದರ ಕೆಳಗೆ ಶೇಡಿಮಣ್ಣು ಎಂದು ನಾವು ಕರೆಯುವ ನುಣುಪಾದ ಮೆದು ಮಣ್ಣಿನ ಪದರವಿರುತ್ತದೆ. ಅಲ್ಲಿ ಇಳಿಯುವ ವೇಗ ತಗ್ಗಿ ನೀರು ಅಡ್ಡಕ್ಕೆ ಸರಿಯುತ್ತದೆ. ಗುಡ್ಡೆಯನ್ನು ಎಲ್ಲಿ ಕಡಿದರೂ ಆ ನೀರಿಗೆ ಅದು ಬಾಗಿಲು. ಬೇಕೆಂದು ಕಡಿದರೆ ಸುರಂಗ. ಅಂಗಳಕ್ಕಾಗಿ ಕಡಿದರೆ ಬರೆಯ ಬುಡದ ಒಸರು. ಕುಡಿಯುವ ನೀರನ್ನು ಕೊಡುವ ಗುಡ್ಡೆಯೇ ಹಿಂಗೋಡೆಯನ್ನು ತೋಯಿಸುವ ಗುಡ್ಡೆ. ಸುರಂಗ ಕೊರೆದವರ ಮಕ್ಕಳು ಮೊಮ್ಮಕ್ಕಳಾದ ನಾವು ಮನೆಯ ಹಿಂಗೋಡೆ ತೇವವಾದಾಗ ಈ ಸಂಬಂಧವನ್ನು ಮರೆತು, ಒಳಗಿನಿಂದ ಬಣ್ಣ ಬಳಿಯಲು ಹೊರಟಿದ್ದೇವೆ.

ಹಳೆಯ ಮನೆಯ ರಕ್ಷಣೆ

ಹಳೆಯ ಮನೆಯಲ್ಲಿ ನೀರನ್ನು ತಡೆಯುವ ವಸ್ತು ಎಂದು ಹೇಳಬಹುದಾದದ್ದು ಬಹಳ ಕಡಿಮೆ ಇತ್ತು. ಗಾರೆ ಇದ್ದ ಮನೆಗಳಲ್ಲಿ ಚಿಪ್ಪಿನ ಸುಣ್ಣ, ಮರಳು, ಬೆಲ್ಲದ ನೀರು. ಇಲ್ಲದ ಮನೆಗಳಲ್ಲಿ ಕೆಮ್ಮಣ್ಣು, ಸೆಗಣಿ. ಈ ಲೇಪಗಳು ನೀರನ್ನು ಪೂರ್ತಿ ತಡೆಯುವಂಥವಲ್ಲ. ತೇವವನ್ನು ಒಳಕ್ಕೂ ಬಿಟ್ಟು ಹೊರಕ್ಕೂ ಬಿಡುವಂಥವು. ಹಾಗಿದ್ದೂ ಗೋಡೆ ನಿಂತದ್ದು ನೀರನ್ನು ದೂರ ಇರಿಸಿದ್ದರಿಂದ.

ಮೊದಲನೆಯದು ಮಾಡಿನ ಇಳಿಚಾಚು. ಮುಳಿಹುಲ್ಲಿನದಾಗಲಿ, ಸೋಗೆಯದಾಗಲಿ, ಬಳಿಕ ಹಂಚಿನದಾಗಲಿ, ಮಾಡು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಕ್ಕೆ ಚಾಚಿ ತಗ್ಗಾಗಿ ಇಳಿಯುತ್ತಿತ್ತು. ಎರಡನೆಯದು ಜಗಲಿ. ನೆಲದಿಂದ ಎರಡು ಮೂರು ಅಡಿ ಎತ್ತರದ ಪಂಚಾಂಗದ ಮೇಲೆ ಗೋಡೆಯ ಸುತ್ತ ಜಗಲಿ ಇದ್ದುದರಿಂದ ಅಂಗಳದಲ್ಲಿ ಸಿಡಿದ ಹನಿ ಗೋಡೆಯನ್ನು ಮುಟ್ಟುತ್ತಿರಲಿಲ್ಲ. ಮೂರನೆಯದು ಮಡಲಿನ ತಟ್ಟಿ. ಗಾಳಿಮಳೆ ಹೊಡೆಯುವ ದಿಕ್ಕಿಗೆ ಹೆಣೆದ ಮಡಲುಗಳನ್ನು ಕಟ್ಟಿ ಮಣ್ಣಿನ ಗೋಡೆಗೆ ಮಳೆಗಾಲದ ಹೊದಿಕೆ ತೊಡಿಸುತ್ತಿದ್ದರು. ಮಳೆ ನಿಂತ ಮೇಲೆ ಬಿಚ್ಚುತ್ತಿದ್ದರು. ನಾಲ್ಕನೆಯದು ಬರೆಗೂ ಗೋಡೆಗೂ ನಡುವಿನ ತೆರಪು. ಒಬ್ಬರು ಸೌದೆಯ ಹೊರೆ ಹೊತ್ತು ನಡೆಯುವಷ್ಟಾದರೂ ಜಾಗ ಬಿಡುತ್ತಿದ್ದರು. ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಆ ತೆರಪಿನಲ್ಲಿ ಪಂಚಾಂಗದ ತಳಕ್ಕಿಂತ ತಗ್ಗಾಗಿ ಹರಿಯುವ ಕಣಿ. ಬರೆಯ ಮೇಲ್ಭಾಗದಲ್ಲಿ ಇನ್ನೊಂದು ಅಡ್ಡಕಣಿ ಇದ್ದರೆ ಗುಡ್ಡೆಯ ಮೇಲ್ನೀರು ಬರೆಗೆ ಇಳಿಯುವ ಮೊದಲೇ ಬದಿಗೆ ಸರಿದುಹೋಗುತ್ತಿತ್ತು.

ಈ ಕಣಿಯ ವಿದ್ಯೆ ಮನೆಗೆ ಬಂದದ್ದು ತೋಟದಿಂದ ಎಂದು ನನ್ನ ಊಹೆ. ಅಡಿಕೆಯ ಬೇರು ನೀರನ್ನು ಬಯಸುತ್ತದೆ, ನಿಂತ ನೀರನ್ನು ಸಹಿಸುವುದಿಲ್ಲ. ಆದ್ದರಿಂದ ಸಾಲುಗಳ ನಡುವೆ ಕಣಿ ತೆಗೆದು ಬೇರಿನ ಮಟ್ಟಕ್ಕಿಂತ ಕೆಳಗೆ ನೀರನ್ನು ಇಳಿಸುವುದು ತೋಟದ ಮೊದಲ ಪಾಠ. ಮನೆಯೂ ಒಂದು ಮರ ಎಂದು ಭಾವಿಸಿದರೆ ಪಂಚಾಂಗವೇ ಅದರ ಬೇರು.

ಯಾರ ಮನೆಗೆ ಪಂಚಾಂಗ?

ಹಳೆಯದೆಲ್ಲ ಚೆನ್ನಾಗಿತ್ತು ಎಂಬ ಹಳಹಳಿಕೆ ಚರಿತ್ರೆಗೆ ಒಪ್ಪುವಂಥದ್ದಲ್ಲ. ಮೇಲೆ ಹೇಳಿದ ಎತ್ತರದ ಪಂಚಾಂಗ, ಜಗಲಿ, ಗಾರೆಯ ನೆಲ ಇವು ಸ್ಥಿತಿವಂತರ ಮನೆಗಳ ಮಾತು. ನಮ್ಮ ಸೀಮೆಯ ಭೂಮಿಯ ವ್ಯವಸ್ಥೆಯಲ್ಲಿ ಮೂಲಗೇಣಿಯ ಒಕ್ಕಲಿಗೆ ಶಾಶ್ವತ ಹಕ್ಕಿದ್ದರೆ, ಚಾಲಗೇಣಿಯ ಒಕ್ಕಲನ್ನು ಧಣಿ ಬಿಡಿಸಬಹುದಾಗಿತ್ತು. ನಾಳೆ ಬಿಟ್ಟುಹೋಗಬೇಕಾಗಬಹುದಾದ ನೆಲದಲ್ಲಿ ಕಲ್ಲು ಕಟ್ಟಿ ಪಂಚಾಂಗ ಹಾಕುವವರು ಯಾರು? ಜಾಗವೇ ಇಲ್ಲದ ಕೂಲಿಯವರ ಗುಡಿಸಲುಗಳಿಗೆ ಪಂಚಾಂಗ ಎಂಬುದೇ ಇರಲಿಲ್ಲ; ನೆಲಮಟ್ಟದಲ್ಲಿಯೇ ಮಣ್ಣಿನ ಗೋಡೆ ಎದ್ದು, ದೊಡ್ಡ ಮಳೆಗೆ ಬುಡ ಕರಗಿ, ಮುಂದಿನ ಬೇಸಗೆಯಲ್ಲಿ ಮತ್ತೆ ಏಳುತ್ತಿತ್ತು. ಒದ್ದೆ ನೆಲದಲ್ಲಿ ಚಾಪೆ ಹಾಸಿ ಮಲಗಿದ ಬಾಲ್ಯವನ್ನು ನೆನಪಿಸಿಕೊಳ್ಳಬಲ್ಲವರು ಈ ಸಂಚಿಕೆಯ ಓದುಗರಲ್ಲೂ ಇದ್ದಾರೆ.

1970ರ ಜನವರಿ 1ರಂದು ಕೇರಳದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂದಾಗ ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಗುಡಿಸಲಿನ ನಿವಾಸಿಗಳಿಗೆ ಪಂಚಾಯತಿ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗಿನ ಜಾಗವನ್ನು ಪಡೆಯುವ ಹಕ್ಕು ಬಂತು. ಗಡಿಯಾಚೆ ಕರ್ನಾಟಕದಲ್ಲಿ ಇಂಥದೇ ಬದಲಾವಣೆ 1974ರಲ್ಲಿ ಆಯಿತು. ಕಾಯಿದೆಯ ಪುಸ್ತಕದಲ್ಲಿ ಪಂಚಾಂಗದ ಮಾತು ಎಲ್ಲೂ ಇಲ್ಲದಿರಬಹುದು. ಆದರೆ ನೆಲ ತನ್ನದೆಂಬ ಖಾತ್ರಿ ಸಿಕ್ಕವನು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಮನೆಯ ಬುಡಕ್ಕೆ ಮುರಕಲ್ಲು ಕಟ್ಟಿದ್ದು. ಬಾಯಾರಿನ ಗುಡ್ಡೆಗಳ ಇಳಿಜಾರಿನಲ್ಲಿ ಇಂದು ಕಾಣುವ ಅನೇಕ ಸಣ್ಣ ಮನೆಗಳ ಪಂಚಾಂಗಕ್ಕೆ ಈ ಅರ್ಥದಲ್ಲಿ ಹುಟ್ಟಿದ ವರ್ಷವಿದೆ.

ಹಂಚು, ಸಿಮೆಂಟು, ತಾರಸಿ

ಮಾಡಿನ ಚರಿತ್ರೆಯಲ್ಲಿ ಮೊದಲ ದೊಡ್ಡ ತಿರುವು 1865. ಆ ವರ್ಷ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಆರಂಭಿಸಿದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ, 1894ರಲ್ಲಿ ಕಿಟೆಲ್ ನಿಘಂಟನ್ನು ಅಚ್ಚುಹಾಕಿದ ಮಿಶನ್ನೇ ನಮ್ಮ ಮನೆಗಳಿಗೆ ಹಂಚನ್ನೂ ಕೊಟ್ಟಿತು. ಹಂಚು ಬಂದ ಮೇಲೆ ವರ್ಷವರ್ಷ ಮುಳಿ ಹೊದೆಸುವ ಕಷ್ಟ ತಪ್ಪಿತು, ಬೆಂಕಿಯ ಭಯ ಇಳಿಯಿತು. ಆದರೆ ಇಳಿಚಾಚು, ಜಗಲಿ, ಕಣಿಗಳು ಹಾಗೆಯೇ ಉಳಿದವು. ಹಂಚು ಹಳೆಯ ರಕ್ಷಣೆಯ ಕ್ರಮವನ್ನು ಕೆಡಿಸಲಿಲ್ಲ, ಬಲಪಡಿಸಿತು.

ಎರಡನೆಯ ತಿರುವು ಸಿಮೆಂಟಿನದು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಸಿಮೆಂಟು ಹಳ್ಳಿಹಳ್ಳಿಗೂ ಬಂತು. ಮುಂಬಯಿ, ಕೊಲ್ಲಿ ದೇಶಗಳ ದುಡಿಮೆಯ ಹಣ ಬಂದಾಗ ಕಾಂಕ್ರೀಟಿನ ತಾರಸಿಯೂ ಬಂತು. ಅಡ್ಡಮಳೆಗೆ ಹೆದರಬೇಕಿಲ್ಲದ, ಗಟ್ಟಿಮುಟ್ಟಾದ ಮನೆಗಳು ಎದ್ದವು. ಅದರ ಒಳಿತನ್ನು ಅಲ್ಲಗಳೆಯುವಂತಿಲ್ಲ. ಆದರೆ ಐದು ರಕ್ಷಣೆಗಳು ಒಂದೊಂದಾಗಿ ಕಳಚಿದವು. ಮೂರು ನಾಲ್ಕು ಅಡಿಯ ಇಳಿಚಾಚು ಕಿಟಕಿಯ ಮೇಲಿನ ಒಂದೂವರೆ ಅಡಿಯ ಸನ್‌ಶೇಡ್ ಆಯಿತು. ಜಗಲಿ ಹೋಯಿತು. ಇಡೀ ತಾರಸಿಯ ನೀರು ನಾಲ್ಕು ಪೈಪುಗಳಲ್ಲಿ ಕೂಡಿ ಗೋಡೆಯ ಬುಡಕ್ಕೇ ಸುರಿಯಿತು. ಯಂತ್ರದಿಂದ ಬರೆಯನ್ನು ನೆಟ್ಟಗೆ ಕಡಿದು ಅಡುಗೆಮನೆಯನ್ನು ಅದಕ್ಕೆ ಆತುಕೊಂಡಂತೆ ವಿಸ್ತರಿಸಿದರು. ತೆರಪಿಗೆ ಕಾಂಕ್ರೀಟು ಹಾಸಿದರು. ಕೊನೆಗೆ ಕಣಿಯನ್ನು ಮುಚ್ಚಿದರು. ಸಿಮೆಂಟಿನ ಗಾರೆ ನೀರನ್ನು ತಡೆಯುತ್ತದೆ ಎಂಬ ನಂಬಿಕೆಯೇ ಇದಕ್ಕೆಲ್ಲ ಕಾರಣ.

ಲೋಕದ ಅನುಭವ

ಈ ತೊಡಕು ನಮ್ಮದು ಮಾತ್ರವಲ್ಲ, ಇಂದಿನದು ಮಾತ್ರವೂ ಅಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಏಳನೆಯ ಸಂಪುಟದಲ್ಲಿ ಒದ್ದೆ ಗೋಡೆಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ನೆಲದಿಂದ ಮೂರಡಿಯವರೆಗೆ ಗಾರೆಗೆ ಮರಳಿನ ಬದಲು ಸುಟ್ಟ ಮಣ್ಣಿನ ಪುಡಿಯನ್ನು ಬೆರೆಸಬೇಕು ಎನ್ನುತ್ತಾನೆ. ನಮ್ಮ ಹಳೆಯ ಕಟ್ಟಡಗಳ ಸುರ್ಕಿ ಗಾರೆಯೂ ಇದೇ. ತೇವ ಎಡೆಬಿಡದೆ ಇದ್ದರೆ ತೆಳುವಾದ ಇನ್ನೊಂದು ಗೋಡೆ ಕಟ್ಟಿ, ಎರಡರ ನಡುವೆ ಕೋಣೆಯ ನೆಲಕ್ಕಿಂತ ತಗ್ಗಿನ ಕಾಲುವೆ ಹರಿಸಿ, ಗಾಳಿಯಾಡಲು ಬಾಯಿ ಬಿಡಬೇಕು ಎಂಬುದು ಅವನ ಎರಡನೆಯ ಸಲಹೆ. ತಗ್ಗಿನ ಕಾಲುವೆ, ಗಾಳಿಯ ತೆರಪು. ನಮ್ಮ ಹಿಂಬದಿಯ ಕಣಿಯ ತತ್ತ್ವವೇ ಅದು.

ಇಂದು ಇಂಜಿನಿಯರುಗಳು ಪಂಚಾಂಗದ ಬುಡದಲ್ಲಿ ಜಲ್ಲಿ ತುಂಬಿ, ರಂಧ್ರದ ಪೈಪು ಇಟ್ಟು ಮುಚ್ಚುವ ಕಾಲುವೆಗೆ ‘ಫ್ರೆಂಚ್ ಡ್ರೈನ್’ ಎನ್ನುತ್ತಾರೆ. ಫ್ರಾನ್ಸ್ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಮಸಾಚುಸೆಟ್ಸಿನ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬ ನ್ಯಾಯವಾದಿ 1859ರಲ್ಲಿ ಹೊಲಗದ್ದೆಗಳ ನೀರು ಬಸಿಯುವ ವಿಧಾನದ ಬಗ್ಗೆ ಪುಸ್ತಕ ಬರೆದು ಇದಕ್ಕೆ ಪ್ರಚಾರ ಕೊಟ್ಟದ್ದರಿಂದ ಅವನ ಹೆಸರು ನಿಂತಿತು. ಅಂದರೆ ಅಲ್ಲಿಯೂ ಮನೆಯ ಪಂಚಾಂಗವನ್ನು ಕಾಯುವ ಉಪಾಯ ಬಂದದ್ದು ಬೇಸಾಯದಿಂದಲೇ.

ನಮ್ಮ ಮನೆಯ ಹಿಂಗೋಡೆ

ಇಷ್ಟೆಲ್ಲ ಓದಿ ತಿಳಿಯುವ ಪ್ರಸಂಗ ಬಂದದ್ದು ನಮ್ಮದೇ ಮನೆಯ ಹಿಂಗೋಡೆಯಿಂದ. ಹಂಚಿನ ಮನೆಯ ಹಿಂಬದಿಗೆ ತಂದೆಯವರ ಕಾಲದಲ್ಲಿ ಕಾಂಕ್ರೀಟು ಹಾಸಿದ್ದರು. ಅಡಿಕೆ ಒಣಗಿಸಲು ಅನುಕೂಲವಾಗಲೆಂಬ ಸದುದ್ದೇಶ. ಕೆಲವು ವರ್ಷಗಳಲ್ಲಿ ಒಳಕೋಣೆಯ ಗೋಡೆ ಮೊಣಕಾಲಿನವರೆಗೆ ಒದ್ದೆಯಾಯಿತು, ಮುಂದೆ ಎದೆಮಟ್ಟಕ್ಕೆ ಏರಿತು. ಬಿಳಿಯ ಉಪ್ಪು ಹೂವಿನಂತೆ ಅರಳಿ ಸುಣ್ಣ ಉದುರಿತು. ಮೂರು ಬಾರಿ ಒಳಗಿನಿಂದ ಗಾರೆ ಕಿತ್ತು, ನೀರು ತಡೆಯುವ ಪುಡಿ ಬೆರೆಸಿ ಹೊಸ ಗಾರೆ ಹಾಕಿಸಿದೆವು. ಪ್ರತಿ ಬಾರಿಯೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆಯ ಹಿಂದೆ ಸಿಕ್ಕಿಬಿದ್ದ ನೀರು ಅದನ್ನೇ ದೂಡಿ ಹಾಕಿತು. ಆ ಕೋಣೆಯ ಮರದ ಕಪಾಟಿನಲ್ಲಿ ಅಜ್ಜನ ಕೈಬರಹದ ತಾಳಮದ್ದಳೆಯ ಅರ್ಥದ ಟಿಪ್ಪಣಿಗಳಿದ್ದವು. ತೇವವೂ ಗೆದ್ದಲೂ ಸೇರಿ ಅವುಗಳಲ್ಲಿ ಅರ್ಧವನ್ನು ಮಣ್ಣು ಮಾಡಿದ್ದವು ಎಂದು ಗೊತ್ತಾದ ದಿನ, ಈ ಮನೆಯನ್ನು ಕೆಡವಿಬಿಡೋಣ ಎಂಬ ಮಾತು ಅಣ್ಣತಮ್ಮಂದಿರಲ್ಲಿ ಮೊದಲ ಬಾರಿ ಬಂತು.

ತಿಥಿಯೊಂದಕ್ಕೆ ಬಂದಿದ್ದ ಸೋದರತ್ತೆ ಊಟದ ಬಳಿಕ ಕೈತೊಳೆಯಲು ಹಿಂಬದಿಗೆ ಹೋದವರು ನಿಂತು ನೋಡಿ, “ಇಲ್ಲೊಂದು ಕಣಿ ಇತ್ತಲ್ಲ, ಎಲ್ಲಿ ಹೋಯಿತು?” ಎಂದು ಕೇಳಿದರು. ಮದುವೆಯಾಗಿ ಹೋಗುವವರೆಗೆ ಪ್ರತಿ ವರ್ಷ ಪತ್ತನಾಜೆಯ ಹೊತ್ತಿಗೆ ಅದರ ಹೂಳಿನ ಬುಟ್ಟಿ ಹೊತ್ತವರು ಅವರು. ಮನೆಯ ಗಂಡಸರಾದ ನಮಗೆ ಯಾರಿಗೂ ಅದರ ನೆನಪಿರಲಿಲ್ಲ. ಆ ಬೇಸಗೆಯಲ್ಲಿ ಕಾಂಕ್ರೀಟು ಒಡೆಸಿದೆವು. ಒಂದೂವರೆ ಅಡಿ ಕೆಳಗೆ ಮುರಕಲ್ಲಿನ ಅಂಚು ಕಟ್ಟಿದ ಕಣಿ, ಕೆಸರು ತುಂಬಿಕೊಂಡು, ಇದ್ದ ಹಾಗೆಯೇ ಇತ್ತು. ಕಡುಬೇಸಗೆಯಲ್ಲೂ ಆ ಕೆಸರು ಒದ್ದೆಯಾಗಿತ್ತು.

ಕಾಮಗಾರಿಯ ಕ್ರಮ

ಅನುಭವದಿಂದ ತಿಳಿದ ಕ್ರಮವನ್ನು ಉಪಯೋಗವಾಗಲೆಂದು ಇಲ್ಲಿ ಹೇಳುತ್ತೇನೆ. ಕೆಲಸಕ್ಕೆ ಕಾಲ ಫೆಬ್ರವರಿಯಿಂದ ಏಪ್ರಿಲ್. ಪಂಚಾಂಗದ ಉದ್ದಕ್ಕೂ ಒಮ್ಮೆಗೇ ಅಗೆಯಬಾರದು. ಹತ್ತು ಹನ್ನೆರಡು ಅಡಿಯಷ್ಟು ಅಗೆದು, ಮುಗಿಸಿ, ಮುಚ್ಚಿ, ಬಳಿಕ ಮುಂದಿನ ಭಾಗಕ್ಕೆ ಹೋಗಬೇಕು. ಹಳೆಯ ಪಂಚಾಂಗಕ್ಕೆ ಸುತ್ತಲಿನ ಮಣ್ಣೇ ಆಧಾರ. ಪಂಚಾಂಗದ ತಳಕ್ಕಿಂತ ಆಳಕ್ಕೆ ಅದರ ಬುಡದಲ್ಲಿಯೇ ಅಗೆಯುವುದು ಅಪಾಯ. ಆಳುದ್ದದ ಗುಂಡಿಗೆ ಆಧಾರ ಕೊಡದೆ ಆಳನ್ನು ಇಳಿಸಕೂಡದು. ಬರೆ ಎತ್ತರವಾಗಿದ್ದರೆ, ಅದರಲ್ಲೂ ಶೇಡಿಮಣ್ಣಿನದಾಗಿದ್ದರೆ, ಬಲ್ಲ ಇಂಜಿನಿಯರನ್ನು ಕೇಳದೆ ಕೈ ಹಾಕಬಾರದು. ಒಣಗಿದಾಗ ಗೋಡೆಯಂತೆ ನಿಲ್ಲುವ ಶೇಡಿಮಣ್ಣು ಒದ್ದೆಯಾದಾಗ ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೇರಳದಲ್ಲಿಯೂ ಕೊಡಗಿನಲ್ಲಿಯೂ ಜರಿದ ಗುಡ್ಡಗಳನ್ನು ನಾವು ಮರೆಯುವಂತಿಲ್ಲ.

ಅಗೆದ ಮೇಲೆ ಕಲ್ಲಿನ ಮೈಯನ್ನು ಉಜ್ಜಿ ತೊಳೆದು ಚೆನ್ನಾಗಿ ಆರಲು ಬಿಡಬೇಕು. ಸಂದುಗಳನ್ನು ತುಂಬಿ, ಮೈ ಸಮ ಮಾಡಿ, ನೆಲದ ಒಳಗಿರುವ ಭಾಗಕ್ಕೆ ಮಾತ್ರ ಡಾಮರು ಜಾತಿಯ ಅಥವಾ ಈಗ ಸಿಗುವ ರಬ್ಬರಿನಂತೆ ಎಳೆಯುವ ಲೇಪವನ್ನು ಎರಡು ಬಾರಿ ಹಚ್ಚಬೇಕು. ಅದರ ಮೇಲೆ ಕಲ್ಲು ತಾಗಿ ಹರಿಯದಂತೆ ಒಂದು ಹಲಗೆ ಅಥವಾ ದಪ್ಪ ಹಾಳೆಯ ರಕ್ಷೆ. ಬುಡದಲ್ಲಿ ರಂಧ್ರದ ಪೈಪು, ನೂರು ಅಡಿಗೆ ಕನಿಷ್ಠ ಒಂದಡಿ ಇಳಿಜಾರು, ತುದಿ ಬಯಲಿಗೆ ತೆರೆದಿರಬೇಕು. ಪೈಪಿನ ಸುತ್ತ ತೊಳೆದ ಜಲ್ಲಿ, ಜಲ್ಲಿಯ ಸುತ್ತ ಮಣ್ಣು ನುಗ್ಗದಂತೆ ಸೋಸುಬಟ್ಟೆ. ಮೇಲೆ ಒಂದಡಿಯಷ್ಟು ಅಂಟುಮಣ್ಣನ್ನು ಗುದ್ದಿ, ಮನೆಯಿಂದ ಹೊರಮುಖವಾಗಿ ಮೊದಲ ಹತ್ತು ಅಡಿಯಲ್ಲಿ ಅರ್ಧ ಅಡಿಯಾದರೂ ಇಳಿಯುವಂತೆ ನೆಲವನ್ನು ತಿದ್ದಬೇಕು. ಹತ್ತು ಅಡಿ ಜಾಗವಿಲ್ಲದ ಬರೆಯ ಬದಿಯಲ್ಲಿ ತೆರೆದ ಕಣಿಯೇ ಆಗಬೇಕು. ತಾರಸಿಯ ಪೈಪುಗಳ ಬಾಯಿ ಗೋಡೆಯ ಬುಡದಲ್ಲಿ ಇರಕೂಡದು.

ಲೇಪ ಮುಖ್ಯವೋ ಕಣಿ ಮುಖ್ಯವೋ ಎಂದು ಕೇಳಿದರೆ ಒಂದು ಲೆಕ್ಕ ಉತ್ತರ ಹೇಳುತ್ತದೆ. ಗೋಡೆಯ ಹೊರಗೆ ಮಣ್ಣಿನಲ್ಲಿ ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೆ ಹತ್ತು ಮೀಟರ್ ಉದ್ದದ ಗೋಡೆಯ ಮೇಲೆ ನೀರೊಂದರ ಒತ್ತಡವೇ ಐದು ಟನ್ನಿನಷ್ಟು. ಆ ಒತ್ತಡದೆದುರು ಲೇಪದ ಒಂದು ಕೂದಲೆಳೆಯ ಬಿರುಕೂ ಸಾಕು. ನೀರಿಗೆ ಹೋಗಲು ದಾರಿ ಇದ್ದರೆ ಒತ್ತಡವೇ ಹುಟ್ಟುವುದಿಲ್ಲ. ಆಗ ಸಾಧಾರಣ ಲೇಪವೂ ಬಾಳುತ್ತದೆ. ಆದ್ದರಿಂದ ಮೊದಲು ನೀರಿಗೆ ದಾರಿ, ಆಮೇಲೆ ಗೋಡೆಗೆ ಹೊದಿಕೆ.

ಇನ್ನೊಂದು ಎಚ್ಚರ. ನಮ್ಮ ಜಿಲ್ಲೆಯಲ್ಲಿ ಬಾವಿ ಸುರಂಗಗಳು ಬತ್ತುತ್ತಿರುವಾಗ ಮಳೆನೀರನ್ನು ಇಂಗಿಸುವುದು ಎಲ್ಲರ ಕರ್ತವ್ಯ. ಆದರೆ ಇಂಗುಗುಂಡಿಯನ್ನು ಮನೆಯ ಹಿಂದಿನ ಬರೆಯ ತಲೆಯಲ್ಲಿ ತೋಡಿದರೆ ಅದು ಹಿಂಗೋಡೆಗೆ ನಾವೇ ತೋಡಿದ ಸುರಂಗವಾಗುತ್ತದೆ. ಕಣಿಯ ನೀರನ್ನು ಮನೆಯಿಂದ ಕೆಳಗೆ, ತೋಟದ ಬದಿಗೆ ಒಯ್ದು ಅಲ್ಲಿ ಇಂಗಿಸಬೇಕು. ಗೋಡೆಯನ್ನು ಉಳಿಸುವ ಕೆಲಸಕ್ಕೂ ಬಾವಿಯನ್ನು ಉಳಿಸುವ ಕೆಲಸಕ್ಕೂ ಆಗ ವಿರೋಧವಿಲ್ಲ. ಕಣಿಯ ನೀರು ನೆರೆಯವರ ಅಂಗಳಕ್ಕೆ ನುಗ್ಗದಂತೆ ಅವರೊಡನೆ ಮಾತಾಡಿಕೊಳ್ಳುವುದೂ ಕಾಮಗಾರಿಯ ಒಂದು ಭಾಗವೇ.

ಮುಗಿಸುವ ಮುನ್ನ

ನಮ್ಮ ಹಿಂಗೋಡೆ ಮೊದಲ ಮಳೆಗಾಲದಲ್ಲಿ ಪೂರ್ತಿ ಒಣಗಲಿಲ್ಲ. ವರ್ಷಗಟ್ಟಲೆ ಕುಡಿದ ನೀರನ್ನು ದಪ್ಪ ಗೋಡೆ ಒಂದೇ ವರ್ಷದಲ್ಲಿ ಬಿಟ್ಟುಕೊಡುವುದಿಲ್ಲ. ಒಳಗಿನ ಸಿಮೆಂಟಿನ ಗಾರೆಯನ್ನು ಕಿತ್ತು ಸುಣ್ಣದ ಗಾರೆ ಹಾಕಿಸಿದೆವು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ, ಈಶಾನ್ಯದ ಒಂದು ಮೂಲೆಯನ್ನುಳಿದು ಗೋಡೆ ಒಣಗಿತು. ಕೆಡವುವ ಮಾತು ಮತ್ತೆ ಬರಲಿಲ್ಲ. ಅಜ್ಜನ ಟಿಪ್ಪಣಿಗಳಲ್ಲಿ ಉಳಿದ ಅರ್ಧ ಈಗ ಅದೇ ಕೋಣೆಯಲ್ಲಿದೆ. ಹೋದ ಅರ್ಧ ಹೋಯಿತು.

ನಮ್ಮ ಅನೇಕ ಸದಸ್ಯರ ತರವಾಡು ಮನೆಗಳು, ಹಿರಿಯರ ಮನೆಗಳು ಇಂದು ಬೀಗ ಹಾಕಿಕೊಂಡು ನಿಂತಿವೆ. ವರ್ಷಕ್ಕೊಮ್ಮೆ ದೈವದ ಕಾರ್ಯಕ್ಕೋ ತಿಥಿಗೋ ಹೋಗಿ ಬಾಗಿಲು ತೆರೆಯುತ್ತೇವೆ. ಗೋಡೆಯ ಒದ್ದೆ ಕಂಡು ಬೇಸರಪಟ್ಟು ಬಣ್ಣಕ್ಕೆ ಹಣ ಕೊಟ್ಟು ಮರಳುತ್ತೇವೆ. ಮುಂದಿನ ಬಾರಿ ಹೋದಾಗ ಬಾಗಿಲು ತೆರೆಯುವ ಮೊದಲು ಮನೆಗೆ ಒಂದು ಸುತ್ತು ಬನ್ನಿ. ಬರೆ, ತೆರಪು, ಕಣಿ ಎಲ್ಲಿವೆ ನೋಡಿ. ಜೊತೆಯಲ್ಲಿ ಆ ಮನೆಯಲ್ಲಿ ಬೆಳೆದು ಬೇರೆ ಮನೆಗೆ ಹೋದ ಅತ್ತೆಯೋ ಅಕ್ಕನೋ ಇದ್ದರೆ, ಮಳೆಗಾಲಕ್ಕೆ ಮುಂಚೆ ಬುಟ್ಟಿ ಹೊತ್ತದ್ದು ಎಲ್ಲಿಂದ ಎಂದು ಅವರನ್ನು ಕೇಳಿ. ನಮ್ಮ ಪಂಚಾಂಗಗಳ ಚರಿತ್ರೆ ಬರಹದಲ್ಲಿ ಇಲ್ಲ, ಅವರ ನೆನಪಿನಲ್ಲಿದೆ. ಅವರು ಇರುವಾಗಲೇ ಕೇಳಿಕೊಳ್ಳಬೇಕು.